ಕೋತಿ ಸುಮ್ಮನಾಗುವ ಹೊತ್ತು: ದುರ್ಗದ ಕಲ್ಲುಗಳ ನಡುವೆ ನಾಲ್ಕು ದಿನ

ಮೊದಲ ದಿನ: ಮುಖದ ಗುರುತು

ದಾವಣಗೆರೆ ಬಿಟ್ಟು ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ಬಂದರೆ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳ ಸಾಲು, ಅದರ ಕೆಳಗೆ ಯಾರೋ ಪೇರಿಸಿಟ್ಟಂಥ ಬಂಡೆಗಳು. ಚಿತ್ರದುರ್ಗ ಬಂತು. ಇಲ್ಲಿಯ ಕೋತಿಗಳ ಸನ್ನೆ, ಕೂಗುಗಳನ್ನು ನೋಡಿ ಬರೆದುಕೊಳ್ಳುವುದೇ ಈ ನಾಲ್ಕು ದಿನದ ಕೆಲಸ. ಮಧ್ಯಾಹ್ನ ಎರಡಕ್ಕೇ ತಲುಪಿದರೂ ಕೋಟೆಗೆ ಓಡುವ ಅವಸರ ಬೇಡ. ಶಿವರಾತ್ರಿ ಹತ್ತಿರವಾದ ಈ ದಿನಗಳಲ್ಲಿ ಆ ಹೊತ್ತಿಗೆ ಕಲ್ಲು ಕಾದ ಹಂಚು. ಕೋತಿಗಳೂ ನೆರಳು ಹಿಡಿದು ತೂಕಡಿಸುತ್ತಿರುತ್ತವೆ. ನಾಲ್ಕರ ನಂತರ ಅವು ಮೈಮುರಿದು ಏಳುತ್ತವೆ, ಆಗ ಹೊರಟರೆ ಸಾಕು.

ಕಾಡಿನ ಚಿಂಪಾಂಜಿ, ಬೊನೊಬೊ, ಗೊರಿಲ್ಲಾ ಆಫ್ರಿಕಾದಲ್ಲಿವೆ. ಒರಾಂಗುಟಾನ್ ಸುಮಾತ್ರಾ, ಬೋರ್ನಿಯೋ ದ್ವೀಪಗಳಲ್ಲಿದೆ. ಬಾಲವಿಲ್ಲದ ಈ ದೊಡ್ಡ ವಾನರಗಳು ಒಂದಕ್ಕೊಂದು ಏನನ್ನು ತಿಳಿಸುತ್ತವೆ, ಎದುರಿನದಕ್ಕೆ ಏನು ಗೊತ್ತಿದೆ ಎಂಬ ಅಂದಾಜು ಅವಕ್ಕೆ ಇದೆಯೇ ಎಂದು ಹುಡುಕುತ್ತಾ ಸಂಶೋಧಕರು ಅರವತ್ತು ವರ್ಷಕ್ಕೂ ಮೀರಿ ಕಾಡಿನಲ್ಲಿ ಕೂತಿದ್ದಾರೆ. ಚಿಂಪಾಂಜಿಗಳನ್ನು ನೋಡಲು ಜೇನ್ ಗುಡಾಲ್ ತಾಂಜಾನಿಯಾದ ಗೊಂಬೆ ಎಂಬ ಕಾಡಿಗೆ ಕಾಲಿಟ್ಟದ್ದು 1960ರ ಜುಲೈನಲ್ಲಿ. ಅಲ್ಲಿ ಹುಟ್ಟಿದ ನೋಡುವ ಕ್ರಮವನ್ನು ಕಲಿಯಲು ವಿಮಾನ ಹತ್ತಬೇಕಿಲ್ಲ. ಕೋಟೆಯ ಕೋತಿ ವಾನರಕ್ಕಿಂತ ದೂರದ ನೆಂಟ ನಿಜ, ನಮ್ಮ ಕವಲಿನಿಂದ ಅದರ ಕವಲು ಬೇರೆಯಾಗಿ ಎರಡೂವರೆ ಕೋಟಿ ವರ್ಷಕ್ಕೂ ಹೆಚ್ಚಾಯಿತು. ಆದರೆ ಅದೂ ಗುಂಪಿನಲ್ಲಿ ಬದುಕುವ, ಯಾರು ಯಾರೆಂದು ಬಲ್ಲ ಪ್ರಾಣಿ. ಪಾಠಕ್ಕೆ ಅಷ್ಟು ಸಾಕು.

ಮೊದಲ ಸಂಜೆಯ ಕೆಲಸ ಒಂದೇ: ಗುರುತು ಹಿಡಿಯುವುದು. ಯಾವುದು ಯಾವುದೆಂದು ಗೊತ್ತಾಗದ ಹೊರತು ಬರೆದ ಒಂದು ಸಾಲಿಗೂ ಬೆಲೆಯಿಲ್ಲ. ಹರಿದ ಕಿವಿ, ಮೊಂಡು ಬಾಲ, ಇಲ್ಲದ ಬೆರಳು, ಮುಖದ ಕಪ್ಪು ಮಚ್ಚೆ, ನೆತ್ತಿಯ ಕೂದಲು ಸೀಳಿಕೊಂಡಿರುವ ಬಗೆ: ಇವು ಬದಲಾಗದ ಗುರುತುಗಳು. ಹಸಿ ಗಾಯ, ಕೆಸರು, ಹೊಟ್ಟೆಯ ಗಾತ್ರವನ್ನು ಗುರುತಾಗಿ ಬರೆದರೆ ವಾರದಲ್ಲಿ ಮೋಸ ಹೋಗುತ್ತೀರಿ. ಮರಿ ಹಾಕಿದ ಹೆಣ್ಣಿಗೆ ಮೊಲೆತೊಟ್ಟು ಉದ್ದವಾಗಿರುತ್ತದೆ. ಈಗ ಹೆರಿಗೆಯ ಕಾಲವಾದ್ದರಿಂದ ಕಡುಬಣ್ಣದ ಎಳೆಮರಿಯೂ ಎದೆಗೆ ಅಂಟಿಕೊಂಡಿರಬಹುದು. ಒಂದೊಂದಕ್ಕೆ ಎರಡಕ್ಷರದ ಹೆಸರು ಕೊಡಿ. ‘ಹಕಿ’ ಎಂದರೆ ಹರಿದ ಕಿವಿಯ ಹೆಣ್ಣು. ‘ಜಗಳಗಂಟಿ’ಯಂಥ ಹೆಸರು ಬೇಡವೇ ಬೇಡ. ಹೆಸರಲ್ಲೇ ತೀರ್ಪು ಕೊಟ್ಟರೆ ಮುಂದೆ ಕಣ್ಣು ಅದನ್ನೇ ಹುಡುಕುತ್ತದೆ.

ಸಾಮಾನು ಕಡಿಮೆ: 8 ಪಟ್ಟು ಹಿಗ್ಗಿಸುವ ದುರ್ಬೀನು, ರಟ್ಟಿನ ಹೊದಿಕೆಯ ಪುಟ್ಟ ನೋಟ್‌ಬುಕ್, ಎರಡು ಪೆನ್ಸಿಲ್, ಸೆಕೆಂಡು ತೋರಿಸುವ ಗಡಿಯಾರ, ವಿಡಿಯೊ ತೆಗೆಯುವ ಫೋನು. ಪ್ಲಾಸ್ಟಿಕ್ ಕವರ್ ಒಂದನ್ನೂ ಒಯ್ಯಬೇಡಿ. ಆ ಸರಸರ ಸದ್ದು ಈ ಕೋತಿಗಳಿಗೆ ಊಟದ ಗಂಟೆ. ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ, ಬಣ್ಣದ ಪಾನೀಯದ ಬಾಟಲಿ ಚೀಲದೊಳಗಿರಲಿ. ದೂರ ಕನಿಷ್ಠ 10 ಮೀಟರ್. ಗೊರಿಲ್ಲಾ ನೋಡಲು ಬರುವ ಪ್ರವಾಸಿಗರಿಗೆ ಮೊದಲು 7 ಮೀಟರಿನ ನಿಯಮವಿತ್ತು, ಕೋವಿಡ್ ನಂತರ ಅದು 10 ಆಯಿತು, ಮಾಸ್ಕ್ ಕೂಡ ಬಂತು. ನಮ್ಮ ನೆಗಡಿ ವಾನರಗಳಿಗೆ ಮಾರಿ: 2013ರಲ್ಲಿ ಉಗಾಂಡದ ಕಿಬಾಲೆ ಕಾಡಿನ ಚಿಂಪಾಂಜಿಗಳನ್ನು ಕೊಂದದ್ದು ಮನುಷ್ಯರಲ್ಲಿ ಬರೀ ಮೂಗು ಸೋರಿಸುವ ಬಗೆಯ ವೈರಾಣು. ಕೋಟೆಯಲ್ಲಿ ಅಪಾಯ ಎರಡೂ ಕಡೆಗಿದೆ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಅರಿಸಿನ, ಸುಣ್ಣ ಮೆತ್ತಬಾರದು.

ಇನ್ನೊಂದು ಮಾತು, ಮಕ್ಕಳನ್ನು ಕರೆದುಕೊಂಡು ಬರುವವರಿಗೆ. ಹಲ್ಲು ಕಿರಿದ ಕೋತಿ ನಗುತ್ತಿಲ್ಲ. ತುಟಿ ಹಿಂದಕ್ಕೆಳೆದು ಹಲ್ಲು ತೋರಿಸುವುದು ಅಂಜಿಕೆಯ, ಸೋಲೊಪ್ಪುವ ಮುಖ. ಚಿಂಪಾಂಜಿಯಲ್ಲೂ ಹೆಚ್ಚುಕಡಿಮೆ ಹಾಗೆಯೇ. ಬಾಯಿ ತೆರೆದು, ಹುಬ್ಬೇರಿಸಿ, ನೆಟ್ಟ ನೋಟ ನೆಟ್ಟರೆ ಅದು ಬೆದರಿಕೆ. ತುಟಿ ಪಟಪಟಿಸಿದರೆ ‘ಜಗಳಕ್ಕೆ ಬಂದಿಲ್ಲ’ ಎಂದು. ಹಲ್ಲುಬಿಟ್ಟು ನಗುತ್ತಾ ಅದರ ಕಣ್ಣನ್ನೇ ದಿಟ್ಟಿಸುವ ಮಗು ಒಂದೇ ಉಸಿರಿನಲ್ಲಿ ಎರಡು ಮಾತಾಡುತ್ತಿರುತ್ತದೆ. ಕೋತಿಗೆ ಕೇಳಿಸುವುದು ಬೆದರಿಕೆಯೇ.

ಎರಡನೆಯ ದಿನ: ಕೋಟೆಯಲ್ಲಿ ಸನ್ನೆ

ಬೆಳಗಿನ ಆರಕ್ಕೆಲ್ಲ ಬಾಗಿಲ ಬಳಿ ಇರಬೇಕು. ಆರರಿಂದ ಹತ್ತರ ತನಕದ ನಾಲ್ಕು ಗಂಟೆಯೇ ಚಿನ್ನ. ಏಳುಸುತ್ತಿನ ಬಾಗಿಲುಗಳನ್ನು ದಾಟಿ ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಎಂದು ಅಲೆಯುವುದಕ್ಕಿಂತ ಹಿಂಡು ಸಿಕ್ಕ ಕಡೆ ಕೂತುಬಿಡುವುದು ಮೇಲು. ನಡೆಯುವವನನ್ನು ಕೋತಿ ನೋಡುತ್ತದೆ, ಕೂತವನನ್ನು ಮರೆಯುತ್ತದೆ.

ಕೂತು ಏನು ಮಾಡಬೇಕು? ಅಮೆರಿಕದ ಜೀನ್ ಆಲ್ಟ್‌ಮನ್ 1974ರಲ್ಲಿ ಬರೆದ ಒಂದು ಪ್ರಬಂಧ ಈ ಕ್ಷೇತ್ರದವರಿಗೆ ಇವತ್ತಿಗೂ ಬಾಲಪಾಠ. ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳುತ್ತಾ ಹೋದರೆ ಜಗಳ, ಕಿರುಚಾಟ, ಕೂಡುವಿಕೆಗಳೇ ಪುಸ್ತಕ ತುಂಬುತ್ತವೆ, ಸುಮ್ಮನೆ ಕೂತದ್ದು ದಾಖಲಾಗುವುದೇ ಇಲ್ಲ ಎಂಬುದು ಅದರ ತಿರುಳು. ಹಾಗಾಗಿ ಒಂದೇ ಪ್ರಾಣಿಯನ್ನು 10 ನಿಮಿಷ ಬಿಡದೆ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಯಾವುದು ಮೊದಲು ಎಂಬುದನ್ನು ಹಿಂದಿನ ರಾತ್ರಿಯೇ ಚೀಟಿ ಎತ್ತಿ ನಿರ್ಧರಿಸಿ. ಬೆಳಿಗ್ಗೆ ಆರಿಸಹೊರಟರೆ ಕೈ ತಾನಾಗಿ ಗಲಾಟೆಯ ಗಂಡಿನ ಕಡೆಗೇ ಹೋಗುತ್ತದೆ. ನಡುವೆ ಅದು ಬಂಡೆ ಮರೆಗೆ ಹೋದರೆ ‘ಕಾಣದು’ ಎಂದು ಸಮಯ ಸಮೇತ ಬರೆಯಿರಿ. ‘ಏನೂ ಮಾಡಲಿಲ್ಲ’ ಮತ್ತು ‘ಕಾಣಲಿಲ್ಲ’ ಬೇರೆ ಬೇರೆ.

ಈ ಇಡೀ ತಿರುಗಾಟದ ಜೀವಾಳ ಇಲ್ಲಿದೆ. ಒಂದು ಸನ್ನೆಯ ಅರ್ಥವೇನು ಎಂದು ತಿಳಿಯಲು ಸನ್ನೆಯನ್ನೇ ದಿಟ್ಟಿಸಿದರೆ ಪ್ರಯೋಜನವಿಲ್ಲ. ಸನ್ನೆ ಮಾಡಿದ ಪ್ರಾಣಿ ಏನಾದ ಮೇಲೆ ಸುಮ್ಮನಾಯಿತು? ಅದನ್ನು ನೋಡಬೇಕು. ಉಗಾಂಡದ ಬುಡೊಂಗೊ ಕಾಡಿನಲ್ಲಿ ಕ್ಯಾಥರೀನ್ ಹೊಬೈಟರ್ ಮತ್ತು ರಿಚರ್ಡ್ ಬರ್ನ್ ಈ ದಾರಿ ಹಿಡಿದೇ 2011ರಲ್ಲಿ ಚಿಂಪಾಂಜಿಗಳ ಕನಿಷ್ಠ 66 ಸನ್ನೆಗಳನ್ನು ಪಟ್ಟಿ ಮಾಡಿದರು, 2014ರಲ್ಲಿ ಅವುಗಳ ಪೈಕಿ 36ಕ್ಕೆ ಒಟ್ಟು 19 ಅರ್ಥಗಳನ್ನು ಬಿಡಿಸಿಟ್ಟರು: ‘ದೂರ ಹೋಗು’, ‘ಬೆನ್ನೇರು’, ‘ಅದನ್ನು ನಿಲ್ಲಿಸು’ ಇಂಥವು. ಸನ್ನೆ ಬೇಕೆಂದೇ ಮಾಡಿದ್ದೋ, ಮೈ ತಾನಾಗಿ ಆಡಿದ್ದೋ ಎಂದು ತೂಗಲು ಮೂರು ತಪಾಸಣೆಗಳಿವೆ. ಎದುರಿನದು ತನ್ನತ್ತ ನೋಡುತ್ತಿದೆಯೇ ಎಂದು ಅದು ಮೊದಲು ಗಮನಿಸಿತೇ? ಸನ್ನೆ ಮಾಡಿ ಕಾಯಿತೇ? ಫಲ ಸಿಗದಿದ್ದಾಗ ಮತ್ತೆ ಮಾಡಿತೇ, ಅಥವಾ ಬೇರೆ ಸನ್ನೆಗೆ ಹೊರಳಿತೇ?

ನೋಟ್‌ಬುಕ್‌ನ ಸಾಲು ಹೀಗಿರಲಿ: ಸಮಯ, ಯಾರು, ಯಾರಿಗೆ, ಎದುರಿನದರ ಮುಖ ಎತ್ತ, ಸನ್ನೆ, ಕಾದ ಸೆಕೆಂಡು, ಮುಂದೆ ಆದದ್ದು, ಸುಮ್ಮನಾಯಿತೇ. ಎಂಟೂ ಅಂಕಣ ತುಂಬದ ಸಾಲಿಗೆ ಪಕ್ಕದಲ್ಲಿ ಚುಕ್ಕೆ ಇಡಿ.

ಹಿಡಿಂಬೇಶ್ವರನ ಗುಡಿಯ ಆಚೆಯ ಬಂಡೆಯ ಮೇಲೆ ಎರಡು ಹೆಣ್ಣು ಕೂತು ಹೇನು ನೋಡಿಕೊಳ್ಳುತ್ತಿದ್ದವು. ಹೇನು ನೋಡಿಸಿಕೊಳ್ಳುತ್ತಿದ್ದುದು ಮಗ್ಗುಲು ಬದಲಿಸಿ, ತೋಳೆತ್ತಿ ಕಂಕುಳನ್ನು ಮುಂದಕ್ಕೊಡ್ಡಿತು. ಇನ್ನೊಂದರ ಕೈ ಬೆನ್ನಿನಿಂದ ಅಲ್ಲಿಗೇ ಬಂತು. ಇಷ್ಟೇ. ಆದರೆ ಈ ‘ಇಷ್ಟೇ’ಯ ಮೇಲೆ ದೊಡ್ಡ ಚರ್ಚೆಯಿದೆ. ಉಗಾಂಡದ ನ್ಗೊಗೊದಲ್ಲಿ ಸಿಮೋನ್ ಪಿಕಾ ಮತ್ತು ಜಾನ್ ಮಿಟಾನಿ ಗಂಡು ಚಿಂಪಾಂಜಿಗಳನ್ನು ನೋಡಿ 2006ರಲ್ಲಿ ಒಂದು ಸಂಗತಿ ಹೇಳಿದರು: ಹೇನು ನೋಡಿಸಿಕೊಳ್ಳುವ ಗಂಡು ತನ್ನ ಮೈಯ ಒಂದು ಜಾಗವನ್ನು ಸದ್ದಾಗುವಂತೆ, ದೊಡ್ಡದಾಗಿ ಕೆರೆದುಕೊಳ್ಳುತ್ತದೆ, ಅರ್ಧಕ್ಕಿಂತ ಹೆಚ್ಚು ಸಲ ಎದುರಿನ ಕೈ ನೇರ ಅಲ್ಲಿಗೇ ಹೋಗುತ್ತದೆ. ‘ಇಲ್ಲಿ’ ಎಂದು ತೋರಿಸಿದ ಹಾಗೆ. ನಮ್ಮ ಕೋಟೆಯ ಕೋತಿಗಳದೇ ಜಾತಿಯಾದ ಟೋಪಿಗೂದಲಿನ ಕೋತಿಗಳಲ್ಲಿ (ಬಾನೆಟ್ ಮಕಾಕ್) ಮೈಭಾಗವನ್ನು ಒಡ್ಡುವ ಇಂಥ ಸನ್ನೆಯ ಬಗ್ಗೆ ಶ್ರೀಜಾತಾ ಗುಪ್ತಾ ಮತ್ತು ಅನಿಂದ್ಯ ಸಿನ್ಹಾ 2016ರಲ್ಲಿ ಬರೆದಿದ್ದಾರೆ.

ತಪ್ಪು ಎಲ್ಲಾಗುತ್ತದೆಂದರೆ ಕೆರೆತದಲ್ಲಿ. ಕೋತಿ ತುರಿಕೆಗೂ ಕೆರೆಯುತ್ತದೆ, ಆತಂಕಕ್ಕೂ ಕೆರೆಯುತ್ತದೆ. ಪಕ್ಕದಲ್ಲಿ ಬಲಶಾಲಿ ಬಂದು ಕೂತರೆ ಕೆರೆತ ಹೆಚ್ಚುತ್ತದೆ. ಆದ್ದರಿಂದ ಮೂರನೆಯವರು ಹತ್ತಿರವಿದ್ದರೆ ಆ ಸಾಲನ್ನು ಬೇರೆಯಾಗಿ ಎಣಿಸಿ. ಇನ್ನೊಂದು ತೊಡಕು: ಒಡ್ಡಿದ ಜಾಗ ಕೈಗೆ ಹತ್ತಿರವಿದ್ದ ಮಾತ್ರಕ್ಕೆ ಕೈ ಅಲ್ಲಿಗೆ ಬಂದಿರಬಹುದು. ಸನ್ನೆಗೆ ಮೊದಲು ಕೈ ಎಲ್ಲಿತ್ತು, ಆಮೇಲೆ ಎಲ್ಲಿಗೆ ಬಂತು ಎಂದು ಮೈಯ ಚಿತ್ರ ಬಿಡಿಸಿ ಎರಡು ಗುರುತು ಹಾಕಿದರೆ ಮಾತ್ರ ಅದು ತಿಳಿಯುತ್ತದೆ.

ಹತ್ತರ ಹೊತ್ತಿಗೆ ಪ್ರವಾಸಿಗರು ಬಂದರು. ಸೌತೆಕಾಯಿಗೆ ಖಾರ ಉಪ್ಪು ಹಚ್ಚಿ ಮಾರುವ ಅಜ್ಜಿ ಕೋಲು ಪಕ್ಕಕ್ಕಿಟ್ಟುಕೊಂಡೇ ಕೂತಿದ್ದರು.

“ಅಜ್ಜಿ, ಕೈ ಚಾಚಿ ಕೇಳ್ತವಾ ಇವು?”

“ಕೇಳ್ತವೆ ಕಣಪ್ಪ. ಮೊದ್ಲು ಕೂ ಅಂತವೆ, ಆಮೇಲೆ ಕೈ ನೀಡ್ತವೆ. ನಾನು ಆ ಕಡೆ ತಿರುಗಿದ್ರೆ ಸುತ್ತಿ ಬಂದು ಮುಂದ್ಗಡೆ ಕುಂತ್ಕಂತವೆ. ಕೊಡ್ದಿದ್ರೆ ಬುಟ್ಟಿಗೇ ಕೈ.”

ಈ ನಾಲ್ಕು ವಾಕ್ಯದಲ್ಲಿ ಮೂರೂ ತಪಾಸಣೆಗಳಿವೆ. ಬಂಡೀಪುರದಲ್ಲಿ ಅದ್ವೈತ್ ದೇಶಪಾಂಡೆ, ಗುಪ್ತಾ, ಸಿನ್ಹಾ ಸೇರಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಳೆದು ತೋರಿಸಿತು: ಅಲ್ಲಿನ ಕೋತಿಗಳು ಮನುಷ್ಯನತ್ತ ಕೂ ಎಂದು ಕೂಗಿ, ಕೈ ಚಾಚಿ ಆಹಾರ ಕೇಳುತ್ತವೆ. ಆ ಕೈ ಚಾಚುವಿಕೆ ಮನುಷ್ಯರ ಜೊತೆಗಿನ ವ್ಯವಹಾರದಲ್ಲಿ ಹುಟ್ಟಿದ ಹೊಸ ಸನ್ನೆ. ಕೊಡುವ ಕೈಗಳಿಲ್ಲದಿದ್ದರೆ ಅದು ಇರುತ್ತಲೇ ಇರಲಿಲ್ಲ. ನೋಡಲು ಬೆರಗು ಹುಟ್ಟಿಸುವ ಸಂಗತಿಯೇ, ಆದರೂ ದಯವಿಟ್ಟು ಏನನ್ನೂ ಕೊಡಬೇಡಿ. ಗೊಂಬೆಯಲ್ಲಿ ಅರವತ್ತರ ದಶಕದಲ್ಲಿ ಚಿಂಪಾಂಜಿಗಳನ್ನು ಹತ್ತಿರ ತರಲು ಬಾಳೆಹಣ್ಣು ಹಾಕಿದರು. ಒಂದೇ ಕಡೆ ಸೇರಿದ ಗುಂಪಿನಲ್ಲಿ ಕಚ್ಚಾಟ ಹೆಚ್ಚಾಯಿತು, ಹಾಕುವುದನ್ನು ಕಡಿತಗೊಳಿಸಬೇಕಾಯಿತು. ಇಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣ ಬಿದ್ದರೆ ಮುಂದಿನ ಅರ್ಧ ಗಂಟೆಯ ದಾಖಲೆ ಹಾಳು. ಹಾಗೆ ಬಿದ್ದ ಸಮಯವನ್ನೂ ಬರೆದುಕೊಂಡು ಆ ಭಾಗವನ್ನು ಎಣಿಕೆಯಿಂದ ತೆಗೆಯಿರಿ.

ಒಂದೇ ಸನ್ನೆಗೆ ಎಲ್ಲೆಡೆ ಒಂದೇ ಅರ್ಥ ಎಂದು ಹೊರಡುವುದೂ ತಪ್ಪು. ಎಲೆಯನ್ನು ಹಲ್ಲಿನಿಂದ ಚರಚರ ಹರಿಯುವ ಸನ್ನೆ ತಾಂಜಾನಿಯಾದ ಮಹಾಲೆಯ ಚಿಂಪಾಂಜಿಗಳಲ್ಲಿ ಕೂಡಲು ಕರೆ. ಗಿನಿಯ ಬೊಸ್ಸೌದಲ್ಲಿ ಆಟಕ್ಕೆ ಕರೆ. ಐವರಿ ಕೋಸ್ಟಿನ ‘ತಾಯಿ’ (Taï) ಎಂಬ ಹೆಸರಿನ ಕಾಡಿನಲ್ಲಿ ಗಂಡುಗಳು ಮರದ ಬೇರುಗೋಡೆಯನ್ನು ಡೋಲಿನಂತೆ ಬಡಿಯುವ ಮುಂಚೆ ಅದನ್ನು ಮಾಡುತ್ತವೆ. ಕೋಟೆಯ ಹಿಂಡಿನಲ್ಲಿ ಕಂಡದ್ದನ್ನು ಕೋಟೆಯ ಹಿಂಡಿನದೆಂದೇ ಬರೆಯಿರಿ.

ಮಧ್ಯಾಹ್ನ ವಿಡಿಯೊ ನೋಡುವ ಹೊತ್ತು. ಫೋನನ್ನು ಸೆಕೆಂಡಿಗೆ 60 ಚೌಕಟ್ಟಿಗೆ (ಫ್ರೇಮ್) ಇಡಿ, 30ಕ್ಕೆ ಬೇಡ. ಕಾರಣವಿದೆ. ಪೂರ್ವ ಆಫ್ರಿಕಾದ ಐದು ಸಮುದಾಯಗಳ 252 ಚಿಂಪಾಂಜಿಗಳ 8,500ಕ್ಕೂ ಹೆಚ್ಚು ಸನ್ನೆಗಳನ್ನು ನೋಡಿ 2024ರಲ್ಲಿ ಬಂದ ಅಧ್ಯಯನ, ಒಂದು ಸನ್ನೆಗೂ ಮರುಸನ್ನೆಗೂ ನಡುವಿನ ಬಿಡುವು ಸುಮಾರು 120 ಮಿಲಿಸೆಕೆಂಡು ಎಂದಿತು; ನಮ್ಮ ಮಾತುಕತೆಯಲ್ಲಿ ಅದು ಸುಮಾರು 200. ಸೆಕೆಂಡಿಗೆ 30 ಚೌಕಟ್ಟಾದರೆ 120 ಮಿಲಿಸೆಕೆಂಡಿನಲ್ಲಿ ನಾಲ್ಕು ಚಿತ್ರವೂ ತುಂಬುವುದಿಲ್ಲ, 60ರಲ್ಲಿ ಏಳು ಸಿಗುತ್ತವೆ.

ಮೂರನೆಯ ದಿನ: ಜೋಗಿಮಟ್ಟಿಯಲ್ಲಿ ಕೂಗು

ಊರಿನಿಂದ ಹತ್ತು ಕಿಲೋಮೀಟರ್ ಆಸುಪಾಸು, ಆಡುಮಲ್ಲೇಶ್ವರದ ದಾರಿ. ಅರಣ್ಯ ಇಲಾಖೆಯ ಅನುಮತಿಯನ್ನು ಹಿಂದಿನ ದಿನವೇ ಕೇಳಿಕೊಂಡಿರಿ. ಇಲ್ಲಿ ಚಿರತೆ, ಕರಡಿ ಇವೆ. ನಸುಕಿನಲ್ಲಿ ಒಬ್ಬರೇ ಇಳಿಯುವ ಜಾಗವಲ್ಲ.

ಇಲ್ಲಿ ಕಿವಿಯದೇ ಕೆಲಸ, ಗಾಳಿಯದೇ ಕಾಟ. ಗಾಳಿಯಂತ್ರ ನೆಟ್ಟಿರುವ ಗುಡ್ಡವೆಂದ ಮೇಲೆ ಹೇಳಬೇಕೇ! ಮೈಕಿಗೆ ಸ್ಪಂಜಿನ ಟೋಪಿ ಹಾಕಿ, ಗಾಳಿಗೆ ಬೆನ್ನು ಮಾಡಿ, ಮೈಯನ್ನೇ ಮರೆಯಾಗಿಸಿ ಧ್ವನಿಮುದ್ರಿಸಿ. ಸೂರ್ಯ ಏರುವ ಮುನ್ನಿನ ಒಂದು ಗಂಟೆ ಗಾಳಿ ಸ್ವಲ್ಪ ಇಳಿದಿರುತ್ತದೆ. ಬಂಡೆಗಳು ಸದ್ದನ್ನು ತಿರುಗಿಸಿ ಎಸೆಯುವುದರಿಂದ ಕೂಗಿದ ದಿಕ್ಕು ಮೋಸ ಮಾಡುತ್ತದೆ. ಇಬ್ಬರು ಐವತ್ತು ಹೆಜ್ಜೆ ದೂರ ನಿಂತು ತಮತಮಗೆ ಕೇಳಿದ ದಿಕ್ಕನ್ನು ದಿಕ್ಸೂಚಿಯಲ್ಲಿ ಬರೆದುಕೊಂಡು ಆಮೇಲೆ ಹೋಲಿಸಬೇಕು.

ಕಣಿವೆಯ ಆಚೆ ಮುಸಿಯಗಳ ಒರಟು ಕೆಮ್ಮಿನಂಥ ಕೂಗು ಎದ್ದಾಗ ಈಚೆಯ ಕೋತಿಗಳು ತಿನ್ನುವುದನ್ನು ನಿಲ್ಲಿಸಿದವು, ಎರಡು ಮರ ಹತ್ತಿದವು. ಬೇರೆ ಜಾತಿಯ ಎಚ್ಚರಿಕೆಯನ್ನು ಕೋತಿಗಳು ಬಲ್ಲವು ಎಂಬುದನ್ನು ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ 2000ದಲ್ಲಿ ದಕ್ಷಿಣ ಭಾರತದ ಕೋತಿಗಳಿಗೆ ಮುದ್ರಿತ ಕೂಗು ಕೇಳಿಸಿಯೇ ತೋರಿಸಿದ್ದಾರೆ. ನೀವು ಮಾತ್ರ ಫೋನಿನಲ್ಲಿ ಚಿರತೆಯ ಕೂಗು ಹಾಕಬೇಡಿ. ಎಳೆಮರಿಗಳ ಕಾಲದಲ್ಲಿ ಹಿಂಡು ಬೆಚ್ಚಿ ಓಡಿದರೆ ಮರಿ ಕೈಜಾರಬಹುದು. ಅನುಮತಿ ಪಡೆದ ಸಂಶೋಧಕರೂ ಇಂಥ ಪ್ರಯೋಗವನ್ನು ದಿನಗಟ್ಟಲೆ ಬಿಡುವು ಕೊಟ್ಟು ಮಾಡುತ್ತಾರೆ. ಮತ್ತೆ ಮತ್ತೆ ಕೇಳಿಸಿದರೆ ಅದು ಸುಳ್ಳೆಂದು ಹಿಂಡಿಗೆ ಗೊತ್ತಾಗುತ್ತದೆ.

ಕೋತಿ ಹೆದರಿ ಕೂಗಿತೋ, ಇತರರಿಗೆ ತಿಳಿಸಲೆಂದು ಕೂಗಿತೋ? ಇದನ್ನು ಬರೀ ಕಣ್ಣಿನಿಂದ ಬಿಡಿಸಲು ಆಗುವುದಿಲ್ಲ. ಬುಡೊಂಗೊದಲ್ಲಿ ಕ್ಯಾಥರೀನ್ ಕ್ರಾಕ್‌ಫರ್ಡ್, ರೋಮನ್ ವಿಟಿಗ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಉಪಾಯ ಸರಳ, ಬಲು ಚಂದ. ಚಿಂಪಾಂಜಿಗಳು ಬರುವ ದಾರಿಯಲ್ಲಿ ವಿಷದ ಹಾವಿನ ಮಾದರಿ ಇಟ್ಟರು. ಹಾವು ಅದೇ, ಹೆದರಿಕೆ ಅಷ್ಟೇ. ಬದಲಾದದ್ದು ಜೊತೆಗಿದ್ದವರ ಅರಿವು: ಹಾವನ್ನು ನೋಡಿದವರ ಮುಂದೆ ಒಮ್ಮೆ, ನೋಡದವರ ಮುಂದೆ ಒಮ್ಮೆ. ನೋಡದವರಿದ್ದಾಗ ಎಚ್ಚರಿಕೆಯ ಕೂಗು ಹೆಚ್ಚಾಯಿತು. ಬರೀ ಹೆದರಿಕೆಯಿಂದ ಹೊರಟ ಕೂಗಾಗಿದ್ದರೆ ಎರಡೂ ಕಡೆ ಒಂದೇ ಸಮ ಇರಬೇಕಿತ್ತು.

ಸುಮಾತ್ರಾದ ಕೆತಂಬೆಯ ಒರಾಂಗುಟಾನ್ ತಾಯಂದಿರದು ಇನ್ನೂ ಬೇರೆ ದಾರಿ. ಹುಲಿಪಟ್ಟೆಯ ಬಟ್ಟೆ ಹೊದ್ದ ಮನುಷ್ಯ ಕೆಳಗೆ ನಾಲ್ಕು ಕಾಲಲ್ಲಿ ನಡೆದುಹೋದಾಗ ತಾಯಿ ಮರಿಯನ್ನು ಸೆಳೆದುಕೊಂಡು ಬಾಯಿ ಬಿಡದೆ ಮೇಲೇರುತ್ತಾಳೆ. ‘ಹುಲಿ’ ಮರೆಯಾಗಿ ಎಷ್ಟೋ ನಿಮಿಷದ ಮೇಲೆ ಎಚ್ಚರಿಕೆಯ ಕೂಗು ಹಾಕುತ್ತಾಳೆ. ಸಂಶೋಧಕರಾದ ಲಮೇರಾ ಮತ್ತು ಕಾಲ್ ಇದನ್ನು 2018ರಲ್ಲಿ ಬರೆದರು. ಇದರಿಂದ ಒಂದು ವ್ಯವಹಾರದ ಪಾಠವಿದೆ: ಕೂಗು ಕೇಳಿದ ಕ್ಷಣದಿಂದ ಬರೆಯಲು ಶುರುಮಾಡಿದರೆ ಕಾರಣ ಕಳೆದುಹೋಗಿರುತ್ತದೆ. ಧ್ವನಿಮುದ್ರಣ ಬೆಳಗಿನಿಂದಲೂ ಓಡುತ್ತಲೇ ಇರಲಿ, ನಡೆದದ್ದೆಲ್ಲ ಗಡಿಯಾರದ ಜೊತೆ ಬರೆಯುತ್ತಲೇ ಇರಿ.

ಆ ದಿನ ಮುಸಿಯಗಳು ಏನನ್ನು ಕಂಡವೋ ಕಾಣಿಸಲಿಲ್ಲ. ‘ಚಿರತೆ’ ಎಂದು ಬರೆಯಬಾರದು. ‘ಕಾರಣ ಕಾಣದು’ ಎಂದೇ ಬರೆದದ್ದಾಯಿತು.

ನಾಲ್ಕನೆಯ ದಿನ: ಚಂದ್ರವಳ್ಳಿ, ಆಮೇಲೆ ದಾವಣಗೆರೆ

ಚಂದ್ರವಳ್ಳಿಯ ಕೆರೆಯಂಚು, ಕದಂಬ ಮಯೂರಶರ್ಮನ ಶಾಸನವಿರುವ ಬಂಡೆಯ ಸುತ್ತ. ಇಲ್ಲಿ ನೋಡಬೇಕಾದ್ದು ಯಾರಿಗೆ ಯಾರ ಸ್ಥಾನ ಗೊತ್ತಿದೆ ಎಂಬುದನ್ನು. ಎರಡು ಹೆಣ್ಣು ಹೇನು ನೋಡಿಕೊಳ್ಳುತ್ತಿರುವಾಗ ಎರಡಕ್ಕಿಂತಲೂ ಮೇಲಿನ ಹೆಣ್ಣೊಂದು ಹತ್ತಿರ ಬಂದರೆ ಎದ್ದುಹೋಗುವುದು ಯಾವುದು? ಇಬ್ಬರೂ ಬಂದವಳಿಗಿಂತ ಕೆಳಗಿನವರೇ, ಇಬ್ಬರಿಗೂ ಅಂಜಿಕೆ ಇರಬೇಕು. ಹೆಚ್ಚಿನ ಸಲ ಎದ್ದುಹೋಗುವುದು ಇಬ್ಬರಲ್ಲಿ ಕೆಳಗಿನವಳು, ಇನ್ನೊಬ್ಬಳು ಕೂತೇ ಇರುತ್ತಾಳೆ. ತನಗೂ ಬಂದವಳಿಗೂ ಇರುವ ಅಂತರವಷ್ಟೇ ಗೊತ್ತಿದ್ದರೆ ಸಾಲದು, ಮೂವರ ಸಾಲೂ ತಲೆಯಲ್ಲಿರಬೇಕು. ಸಿನ್ಹಾ 1998ರಲ್ಲಿ ಈ ಕೋತಿಗಳ ಬಗ್ಗೆಯೇ ಇದನ್ನು ಬರೆದರು.

ಇದನ್ನು ನೋಡುವ ಮೊದಲು ಶ್ರೇಣಿ ಗೊತ್ತಿರಬೇಕು, ಅದಕ್ಕೆ ಹಿಂದಿನ ಮೂರು ದಿನದ ಪುಸ್ತಕ ಬೇಕು: ಯಾರು ಯಾರಿಗೆ ಜಾಗ ಬಿಟ್ಟರು, ಯಾರು ಯಾರಿಗೆ ಹಲ್ಲು ಕಿರಿದರು. ಆಹಾರದ ಹತ್ತಿರದ ಗೆಲುವನ್ನು ಎಣಿಸಬೇಡಿ, ಹಸಿದದ್ದು ಒಮ್ಮೊಮ್ಮೆ ಮೇಲಿನದನ್ನೂ ಎದುರಿಸುತ್ತದೆ. ಮತ್ತು ನೆನಪಿರಲಿ, ಈ ಹಿಂಡಿನ ಬೆನ್ನೆಲುಬು ಹೆಣ್ಣುಗಳು. ಗಂಡು ಬೆಳೆದ ಮೇಲೆ ತವರು ಬಿಡುತ್ತದೆ, ಹೆಣ್ಣು ಅಮ್ಮ, ಅಜ್ಜಿ, ಅಕ್ಕತಂಗಿಯರ ಮಧ್ಯೆ ಉಳಿಯುತ್ತದೆ. ಚಿಂಪಾಂಜಿಗಳಲ್ಲಿ ತಿರುಗುಮುರುಗು: ಗಂಡುಗಳು ಹುಟ್ಟಿದಲ್ಲೇ ಉಳಿದು ಕೂಟ ಕಟ್ಟುತ್ತವೆ, ಹೆಣ್ಣು ಬೇರೆ ಸಮುದಾಯಕ್ಕೆ ಹೋಗುತ್ತದೆ. ಅಲ್ಲಿ ಗಂಡುಗಳ ಹೇನು ನೋಡುವಿಕೆ ಬರೆದವರು ಇಲ್ಲಿ ಹೆಣ್ಣುಗಳ ಹತ್ತಿರ ಕೂರಬೇಕಾಗುವುದು ಅದಕ್ಕೇ.

ಹನ್ನೊಂದಕ್ಕೆ ಹೊರಟು ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಕೈ ತೊಳೆದ ಮೇಲೆ ಕೊನೆಯ ಕೆಲಸ, ಬೇಸರ ತರಿಸುವಂಥದ್ದು, ಬಿಡುವಂತಿಲ್ಲದ್ದು: ಒಂದೇ ವಿಡಿಯೊ ತುಣುಕುಗಳನ್ನು ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಬೇರೆ ಬೇರೆ ಕೂತು ಬರೆಯುವುದು. ‘ಕಾಯಿತೇ, ಇಲ್ಲವೇ’ ಎಂಬ ಪ್ರಶ್ನೆಗೆ ನೂರರಲ್ಲಿ 82 ಕಡೆ ಉತ್ತರ ಕೂಡಿತೆಂದು ಹಿಗ್ಗಬೇಡಿ. ಇಬ್ಬರೂ ಕಣ್ಣು ಮುಚ್ಚಿಕೊಂಡು ನೂರಕ್ಕೆ 90 ಸಲ ‘ಕಾಯಿತು’ ಎಂದು ಬರೆದಿದ್ದರೂ ಅಷ್ಟು ಕೂಡುತ್ತದೆ: ಎರಡೂ ಕಡೆ ‘ಕಾಯಿತು’ ಬೀಳುವುದು 81 ಸಲ, ಎರಡೂ ಕಡೆ ‘ಇಲ್ಲ’ ಬೀಳುವುದು 1 ಸಲ. ಆಕಸ್ಮಿಕವಾಗಿ ಕೂಡುವ ಈ ಪಾಲನ್ನು ಕಳೆದು ಉಳಿದದ್ದನ್ನೇ ನೋಡಬೇಕು. ಉತ್ತರ ಕೂಡದ ಕಡೆ ಸಾಮಾನ್ಯವಾಗಿ ತಪ್ಪಿರುವುದು ವ್ಯಾಖ್ಯೆಯಲ್ಲಿ. ‘ಕಾಯುವುದು’ ಎಂದರೆ ಎಷ್ಟು ಸೆಕೆಂಡು? ಕಣ್ಣು ಎದುರಿನದರ ಮೇಲಿರಬೇಕೇ? ಎರಡು ಸೆಕೆಂಡು, ಕಣ್ಣು ಎದುರಿನದರ ಮೇಲೆ, ಎಂದು ಬರೆದಿಟ್ಟು ಮೊದಲಿನಿಂದ ಮತ್ತೆ ಶುರು.

ಹಿಡಿಂಬೇಶ್ವರನ ಬಂಡೆಯ ಮೇಲಿನ ಆ ಕಂಕುಳಿನ ತುಣುಕನ್ನು ಹೀಗೆ ಮತ್ತೆ ನೋಡಿದಾಗ ತೋಳೆತ್ತುವ ಮುಂಚೆಯೇ ಇನ್ನೊಂದರ ಕೈ ಎರಡು ಬೆರಳಷ್ಟು ಆ ಕಡೆಗೆ ಸರಿದಿತ್ತು. ಆ ಸಾಲಿನ ಪಕ್ಕ ಚುಕ್ಕೆ ಬಿತ್ತು.